ಟೋಪಿ ಬದಲಾಯಿತು, ಮಿನಿಟ್ ಬದಲಾಗಲಿಲ್ಲ

ಪೊಲೀಸರ ಮನೋಬಲ ಕುಗ್ಗಿದೆ ಅಂತ ಯಾರಾದರೂ ಬಾಯಿ ಬಿಟ್ಟರೆ ಸಾಕು, ನಮ್ಮ ಸರ್ಕಾರಗಳ ಹತ್ತಿರ ಎರಡು ಉತ್ತರ ಸಿದ್ಧವಾಗಿರುತ್ತವೆ. ಒಂದು ಬೆತ್ತ, ಇನ್ನೊಂದು ಬೆಲ್ಲ. ಪಕ್ಷ ಯಾವುದಾದರೂ ಇರಲಿ, ಮೂರನೇ ಉತ್ತರ ನಾನಂತೂ ನೋಡಿಲ್ಲ.

ಮೊದಲು ಬೆತ್ತದ ಕಥೆ. ಸಂಬಳ ಕಡಿಮೆ, ರಜೆ ಇಲ್ಲ, ಮೇಲಿನವರ ಕಿರುಕುಳ ಅಂತ ಕಾನ್‌ಸ್ಟೇಬಲ್‌ಗಳು 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕಲು ಹೊರಟಿದ್ದರು. ಸರ್ಕಾರ ಎಸ್ಮಾ ಹೇರಿತು. ಕರೆ ಕೊಟ್ಟಿದ್ದ ಪೊಲೀಸ್ ಮಹಾಸಂಘದ ಮುಖಂಡರ ಮೇಲೆ ದೇಶದ್ರೋಹದ ಕೇಸು ಬಿತ್ತು. ರಜೆ ಕೇಳಿದ್ದಕ್ಕೆ ದೇಶದ್ರೋಹ! ಆಮೇಲೆ ವೇತನ ಪರಿಷ್ಕರಣೆಗೆ ಔರಾದ್ಕರ್ ಸಮಿತಿ ಬಂತು, ಅದೇ ವರ್ಷ ವರದಿಯನ್ನೂ ಕೊಟ್ಟಿತು. ಅದರಲ್ಲಿ ಒಂದಿಷ್ಟು ಜಾರಿಯಾಗಿದ್ದು 2019ರಲ್ಲಿ. ಬೆತ್ತಕ್ಕೆ ಎರಡು ದಿನ ಸಾಕಾಗಿತ್ತು, ಬೆಲ್ಲಕ್ಕೆ ಮೂರು ವರ್ಷ ಬೇಕಾಯಿತು.

2025ಕ್ಕೆ ಬನ್ನಿ. ಏಪ್ರಿಲ್‌ನಲ್ಲಿ ಬೆಳಗಾವಿಯ ವೇದಿಕೆ ಮೇಲೆ, ಎಲ್ಲರೆದುರು, ಮುಖ್ಯಮಂತ್ರಿ ಎಎಸ್‌ಪಿ ನಾರಾಯಣ ಬರಮನಿ ಅವರತ್ತ ಕೈ ಎತ್ತಿದರು. ಆ ಅಧಿಕಾರಿ ಸ್ವಯಂನಿವೃತ್ತಿ ಕೇಳಿ ಪತ್ರ ಬರೆದರು. ಜೂನ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಮರುದಿನ ರಾತ್ರಿಯೊಳಗೆ ನಗರ ಪೊಲೀಸ್ ಕಮಿಷನರ್ ಸೇರಿ ಪೊಲೀಸ್ ಅಧಿಕಾರಿಗಳು ಅಮಾನತಾದರು. ಆಟಗಾರರ ಪಕ್ಕ ನಿಂತು ಫೋಟೋ ತೆಗೆಸಿಕೊಂಡವರು ಯಾರೂ ಅಮಾನತಾಗಲಿಲ್ಲ. ಜುಲೈ ಮುಗಿಯುವಷ್ಟರಲ್ಲಿ ಸರ್ಕಾರ ಅಮಾನತುಗಳನ್ನು ಹಿಂದಕ್ಕೆ ಪಡೆಯಿತು. ಅಕ್ಟೋಬರ್‌ನಲ್ಲಿ ಬೆಲ್ಲ ಬಂತು. ಕಾನ್‌ಸ್ಟೇಬಲ್‌ಗಳ ಹಳೇ ಸ್ಲೋಚ್ ಹ್ಯಾಟ್ ಹೋಗಿ ಹೊಸ ಪೀಕ್ ಕ್ಯಾಪ್ ಬಂತು. ಒಳ್ಳೆಯದೇ ಆಯಿತು ಬಿಡಿ, ಅದು ಬದಲಾಗಬೇಕಿತ್ತು. ಆದರೆ ಕನ್ನಡದಲ್ಲಿ ಟೋಪಿ ಹಾಕೋದು ಅಂದ್ರೆ ಇನ್ನೊಂದು ಅರ್ಥ ಇದೆ ಅನ್ನೋದನ್ನ ಯಾರೂ ನೆನಪು ಮಾಡಿಕೊಟ್ಟಂತಿಲ್ಲ.

ನಾನು ಮಸ್ಕಿಯವನು. ಸಿಂಧನೂರಿನಿಂದ ಲಿಂಗಸುಗೂರಿಗೆ ಬಸ್ ಹತ್ತಿದರೆ ನಡುವೆ ಸಿಗುವ ಊರು. ಎಡದಂಡೆ ಕಾಲುವೆಯ ಕೊನೆ ಭಾಗಕ್ಕೆ ನೀರು ಬರಲಿಲ್ಲ ಅಂತ ರೈತರು ರಸ್ತೆಗಿಳಿದರೆ ಬಿಸಿಲಲ್ಲಿ ನಿಲ್ಲೋದು ಪೊಲೀಸರು. ಮುದಗಲ್ ಮೊಹರಂ ಬಂದೋಬಸ್ತಿಗೂ ಅವರೇ, 2021ರಲ್ಲಿ ನಮ್ಮ ಮಸ್ಕಿ ಉಪಚುನಾವಣೆಗೂ ಅವರೇ. ಇಂಥ ಕಡೆ ಹೊಸ ಪಿಎಸ್‌ಐ ಬಂದರೆ ಚಹಾದಂಗಡಿಯಲ್ಲಿ ಯಾರೂ 'ಹೆಂಗದಾರ' ಅಂತ ಕೇಳಲ್ಲ. 'ಯಾರ ಕಡೆಯವ್ರು ಬಂದಾರ್ರೀ?' ಅಂತ ಕೇಳ್ತಾರೆ.

ಆ ಪ್ರಶ್ನೆಯ ಹಿಂದಿರೋದು ಮಿನಿಟ್. ಗೊತ್ತಿಲ್ಲದವರಿಗೆ ಹೇಳ್ತೀನಿ: ಇಂಥವರನ್ನ ಇಂಥ ಠಾಣೆಗೆ ಹಾಕಿ ಅಂತ ಶಾಸಕರು ಕೊಡುವ ಶಿಫಾರಸು ಪತ್ರಕ್ಕೆ ಇಲಾಖೆಯಲ್ಲಿರುವ ಹೆಸರು ಅದು. 2024ರ ಆಗಸ್ಟ್‌ನಲ್ಲಿ ಯಾದಗಿರಿಯಲ್ಲಿ ಒಬ್ಬ ಪಿಎಸ್‌ಐ ತೀರಿಕೊಂಡರು. ಪೋಸ್ಟಿಂಗ್‌ಗಾಗಿ ಶಾಸಕರು ಮತ್ತವರ ಮಗ ಹಣ ಕೇಳಿದ್ದರು ಅಂತ ಪತ್ನಿ ದೂರು ಕೊಟ್ಟರು. ಕೇಸು ದಾಖಲಾಗಿ ಸಿಐಡಿಗೆ ಹೋಯಿತು. ಆರೋಪ ನಿಜವೋ ಸುಳ್ಳೋ ಹೇಳೋದು ನನ್ನ ಕೆಲಸ ಅಲ್ಲ. ನನ್ನ ಚಿಂತೆ ಬೇರೆ. ಆ ಸುದ್ದಿ ಕೇಳಿ ನಮ್ಮ ಕಡೆ ಜನ ಮರುಗಿದರು, ಸಿಟ್ಟಾದರು, ಆದರೆ ಆಶ್ಚರ್ಯಪಟ್ಟವರು ಒಬ್ಬರೂ ನನಗೆ ಸಿಗಲಿಲ್ಲ.

ಇನ್ನೊಂದು ಮಾತು. ಬೆಂಗಳೂರಿನಲ್ಲಿ ನನ್ನ ಊರಿನ ಹೆಸರು ಹೇಳಿದರೆ 'ಓ, ರಾಯಚೂರು ಕಡೆ ಪನಿಶ್‌ಮೆಂಟ್ ಪೋಸ್ಟಿಂಗ್ ಅಲ್ವಾ' ಅಂತಾರೆ. ಯಾರಿಗ್ರೀ ಪನಿಶ್‌ಮೆಂಟ್? ಎತ್ತಂಗಡಿಯಾದ ಅಧಿಕಾರಿ ಪ್ರಭಾವ ಬೀರಿ ಆರು ತಿಂಗಳಲ್ಲಿ ಹೊರಟುಹೋಗಬಹುದು. ಲಿಂಗಸುಗೂರಿನ ಠಾಣೆ ಎದುರು ಕಳೆದುಹೋದ ಮಗಳ ಫೋಟೋ ಹಿಡಿದು ನಿಲ್ಲುವ ತಾಯಿ ಎಲ್ಲಿಗೆ ಹೋಗ್ತಾಳೆ? ಮನಸ್ಸಿಲ್ಲದೆ ಕೂತ ಅಧಿಕಾರಿಯ ಮುಂದೆ ಆ ತಾಯಿಯ ದೂರು ಬರೀ ಕಾಗದ.

ಈಗ ನಿಮ್ಮ ವಿಷಯಕ್ಕೆ ಬರೋಣ. ಮ್ಯಾನೇಜರ್ ಕಾಟ ಕೊಟ್ಟರೆ ನೀವು ಎಚ್‌ಆರ್‌ಗೆ ಮೇಲ್ ಹಾಕ್ತೀರಿ, ಆಗದಿದ್ದರೆ ನೋಟಿಸ್ ಪಿರಿಯಡ್ ಮುಗಿಸಿ ಇನ್ನೊಂದು ಕಂಪನಿ ಸೇರ್ತೀರಿ. ಕಾನ್‌ಸ್ಟೇಬಲ್‌ಗೆ ಆ ದಾರಿ ಇಲ್ಲ. ಸಂವಿಧಾನದ 33ನೇ ವಿಧಿ, ಅದರ ಬಲದ ಮೇಲೆ ಬಂದ 1966ರ ಕಾಯ್ದೆ, ಎರಡೂ ಸೇರಿ ಪೊಲೀಸರ ಸಂಘಟನೆಗೆ ಬೇಲಿ ಹಾಕಿವೆ. ಲಾಠಿ, ಬಂದೂಕು ಹಿಡಿದವರು ಸ್ಟ್ರೈಕ್ ಮಾಡಬಾರದು ಅನ್ನೋದು ನನಗೂ ಒಪ್ಪಿಗೆ. ಆದರೆ ಬಾಯಿ ಕಟ್ಟಿದ ಮೇಲೆ ಕಿವಿಯನ್ನಾದರೂ ಕೊಡಬೇಕಲ್ಲ?

ಸಂಬಳ ಕೊಟ್ಟರೆ ಸಾಕು ಅನ್ನುವವರಿದ್ದಾರೆ. ಸಂಬಳದಿಂದ ಮನೆ ನಡೆಯುತ್ತೆ. ಶಾಸಕರ ಕಡೆಯವನ ಮರಳು ಲಾರಿ ತಡೆಯುವ ಧೈರ್ಯ ಅದರಿಂದ ಬರಲ್ಲ. ನಾಳೆಯೂ ನಾನು ಇದೇ ಕುರ್ಚಿಯಲ್ಲಿರ್ತೀನಿ ಅನ್ನುವ ಭರವಸೆಯಿಂದ ಬರುತ್ತೆ. ಇದು ಹೊಸ ಸಂಶೋಧನೆ ಏನಲ್ಲ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿತು: ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಅವಧಿ ಇರಲಿ, ವರ್ಗಾವಣೆ ನಿರ್ಧರಿಸಲು ಅಧಿಕಾರಿಗಳ ಮಂಡಳಿ ಇರಲಿ. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿಯನ್ನೂ ತಂದಿತು. ಮಂಡಳಿ ಇದೆ, ಮಿನಿಟೂ ಇದೆ. ಠಾಣೆಯಲ್ಲಿ ಯಾವುದು ನಡೆಯುತ್ತೆ ಅಂತ ಆ ಚಹಾದಂಗಡಿಯಲ್ಲಿ ಕೇಳಿ.

ನನ್ನ ಬೇಡಿಕೆ ದೊಡ್ಡದೇನಲ್ಲ. ಅವಧಿಗೆ ಮುಂಚೆ ಮಾಡುವ ಪ್ರತಿ ವರ್ಗಾವಣೆಗೂ ಕಾರಣ ಬರೆದು ಇಲಾಖೆಯ ವೆಬ್‌ಸೈಟಿನಲ್ಲಿ ಹಾಕಿ. ಜೊತೆಗೆ ಮಿನಿಟ್ ಬಂದಿದ್ದರೆ ಅದನ್ನೂ, ಕೊಟ್ಟವರ ಹೆಸರು, ಸಹಿ ಸಮೇತ ಹಾಕಿ. ಜನರ ಒಳ್ಳೆಯದಕ್ಕೇ ಶಿಫಾರಸು ಮಾಡ್ತೀವಿ ಅನ್ನುವ ಶಾಸಕರಿಗೆ ಇದರಲ್ಲಿ ಮುಜುಗರ ಯಾಕಾಗಬೇಕು?

ನಮ್ಮ ಮಸ್ಕಿಯಲ್ಲೊಂದು ಶಾಸನವಿದೆ. 1915ರಲ್ಲಿ ಸಿಕ್ಕಿದ್ದು. ಬೇರೆ ಶಾಸನಗಳ ದೇವಾನಾಂಪ್ರಿಯ ಅಂದರೆ ಅಶೋಕನೇ ಅಂತ ಖಚಿತವಾಗಿದ್ದು ಇದರಿಂದ, ಯಾಕೆಂದರೆ ಇಲ್ಲಿ ಅವನ ಹೆಸರೇ ಇದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ಚಕ್ರವರ್ತಿ ತನ್ನ ಆಜ್ಞೆಗೆ ಹೆಸರು ಹಾಕಿ ಎಲ್ಲರೂ ಓದಲಿ ಅಂತ ಬಂಡೆ ಮೇಲೆ ಕೆತ್ತಿಸಿದ. ಮಿನಿಟ್ ಕೊಡುವವರೂ ಹಾಗೇ ಮಾಡಲಿ. ನಮ್ಮ ಮಸ್ಕಿ ಗುಡ್ಡದಲ್ಲಿ ಕಲ್ಲಿಗೇನೂ ಬರ ಇಲ್ಲ.