ನಾಟಕ ಬೇಕು, ಮೈಕ್ ಟೆಸ್ಟಿಂಗ್ ಬೇಡವೇ?

ಜತ್ತ ಭಾಗದ ನಮ್ಮ ಜಾತ್ರೆಗೂ ಡಿಜಿಟಲ್ ಮಿಕ್ಸರ್ ಬಂದಿದೆ. ಹಳೇ ದಪ್ಪ ಕೇಬಲ್ ಬದಲು ಒಂದೇ ನೆಟ್‌ವರ್ಕ್ ವೈರು. 100 ಮೀಟರ್‌ತನಕ ಹತ್ತಾರು ಮೈಕಿನ ದನಿ ಅದರಲ್ಲೇ ಹೋಗುತ್ತದೆ. ಆದರೆ ವೈರು ಚುಚ್ಚಿದರೆ ಕೆಲಸ ಮುಗೀತು ಅಂತಲ್ಲ. ಡಾಂಟೆ ಪದ್ಧತಿಯಲ್ಲಿ ಮಿಕ್ಸರು 48 ಕಿಲೋಹರ್ಟ್ಸ್, ಸ್ಟೇಜಿನ ಬಾಕ್ಸು 96 ಇದ್ದರೆ ದನಿ ದಾಟುವುದೇ ಇಲ್ಲ. ಎಲ್ಲ ಯಂತ್ರಗಳೂ ಒಂದೇ ಗಡಿಯಾರದ ತಾಳಕ್ಕೆ ನಡೆಯಬೇಕು. ನಡುವಿನ ಸ್ವಿಚ್ಚಿನಲ್ಲಿ ಕರೆಂಟ್ ಉಳಿಸುವ ಸೆಟ್ಟಿಂಗ್ ಬಂದ್ ಮಾಡದಿದ್ದರೆ ತಾಳ ತಪ್ಪಿ ಮಾತು ಕಡಿಯಬಹುದು.

ಇದನ್ನೆಲ್ಲ ನೋಡಲು ಹೊತ್ತು ಬೇಕು. ನಮ್ಮ ಕಮಿಟಿಯವರೋ, ಪರದೆ ಏಳುವ ಹತ್ತು ನಿಮಿಷ ಮುಂಚೆ ‘ಹಲೋ ಹಲೋ’ ಅನ್ನಿಸಿ, ‘ಆತ್ ಬಿಡೋ ತಮ್ಮಾ’ ಅಂತಾರೆ. ಆಮೇಲೆ ಬೈಗುಳ ಮಾತ್ರ ಮೈಕಿನವನಿಗೆ! ಊರಲ್ಲಿ ಕನ್ನಡ ನಾಟಕ ಆಗೋದೇ ವರ್ಷಕ್ಕೊಂದು. ಸತ್ಕಾರ, ಭಾಷಣ ಬೇಕಾದರೆ ಕಡಿಮೆ ಮಾಡ್ರಿ. ಸಂಜೆ ನಾಲ್ಕಕ್ಕೇ ಸ್ಟೇಜು ಅವನ ಕೈಗೆ ಕೊಡ್ರಿ.