ಬೆಲ್ಲ ನಿಮ್ಮದು, ಮಾತೂ ನಿಮ್ಮದೇ ಇರಲಿ

ಬೆಲ್ಲ, ಗಾಣದ ಎಣ್ಣೆ, ರಾಗಿ ಹಿಟ್ಟು ಅಂತ ಸ್ವಂತ ಮಾರಾಟ ಶುರು ಮಾಡಿರುವ ಹುಡುಗರು ನನ್ನನ್ನು ಒಂದು ಪ್ರಶ್ನೆ ಪದೇ ಪದೇ ಕೇಳ್ತಾರೆ: "ಅಣ್ಣ, ವಾಟ್ಸಾಪ್ ಪೋಸ್ಟು, ಲೇಬಲ್ಲು ಎಲ್ಲಾ ಎಐ ಕೈಲಿ ಬರೆಸ್ತಾ ಇದ್ದೀವಿ. ತಪ್ಪಾ?" ತಪ್ಪೇನಿಲ್ಲ. ನಾನೂ ಬಳಸ್ತೀನಿ. ಆದರೆ ನನ್ನದೊಂದು ಗಟ್ಟಿ ಅಭಿಪ್ರಾಯ ಇದೆ. ಬರೆಯುವ ಕೆಲಸ ಅದಕ್ಕೆ ಕೊಡಿ, ವಿಷಯ ಮಾತ್ರ ಅದರ ಹತ್ತಿರ ಕೇಳಬೇಡಿ. ನಿಮ್ಮ ಹೊಲ, ನಿಮ್ಮ ಬೆಳೆ, ನಿಮ್ಮ ಕೈಕೆಲಸದ ಸಂಗತಿ ನಿಮಗೆ ಗೊತ್ತು. ಅದಕ್ಕೆ ಗೊತ್ತಿಲ್ಲ.

ನಮ್ಮದು ಮಂಡ್ಯ ಕಡೆ. ಮನೆ ಕಬ್ಬು, ಊರಿನ ಆಲೆಮನೆ. ಮಾರುಕಟ್ಟೆಗೆ ಹಾಕುವುದರಲ್ಲಿ ಒಂದು ಪಾಲು ಬೆಲ್ಲವನ್ನು ಈಗ ಮೈಸೂರು, ಬೆಂಗಳೂರಿನ ಮನೆಗಳಿಗೆ ನೇರವಾಗಿ ಕಳಿಸ್ತೀವಿ. ಅದಕ್ಕೇ ಬೆಲ್ಲದ ಉದಾಹರಣೆ ಇಟ್ಟುಕೊಂಡೇ ಹೇಳ್ತೀನಿ. ನೀವು ಮಾರುವುದು ತುಪ್ಪವೋ ಜೇನೋ ಮಾವೋ, ಲೆಕ್ಕ ಒಂದೇ.

ಹೆಸರು ಬದಲಿಸಿ ನೋಡಿ

"ಬೆಲ್ಲದ ಬಗ್ಗೆ ಒಂದು ಪೋಸ್ಟ್ ಬರೆದುಕೊಡು" ಅಂತ ಒಂದೇ ಸಾಲು ಹಾಕಿದರೆ ಸಾಮಾನ್ಯವಾಗಿ ಬರುವುದು ಇಂಥದ್ದು:

"ಪ್ರಕೃತಿಯ ಮಡಿಲಿನಿಂದ ನೇರವಾಗಿ ನಿಮ್ಮ ಮನೆಗೆ! ಸಾಂಪ್ರದಾಯಿಕ ವಿಧಾನದಲ್ಲಿ ತಯಾರಿಸಿದ ನಮ್ಮ ಶುದ್ಧ ಬೆಲ್ಲವು ರುಚಿ ಮತ್ತು ಆರೋಗ್ಯದ ಪರಿಪೂರ್ಣ ಸಂಗಮ. ಇಂದೇ ಆರ್ಡರ್ ಮಾಡಿ!"

ಓದೋಕೆ ಚೆಂದ ಇದೆ. ಈಗ 'ಬೆಲ್ಲ' ತೆಗೆದು 'ತುಪ್ಪ' ಅಂತ ಹಾಕಿ. ಆಮೇಲೆ 'ಎಣ್ಣೆ' ಅಂತ ಹಾಕಿ. ಬೇರೆ ಒಂದಕ್ಷರವನ್ನೂ ಮುಟ್ಟಬೇಕಾಗಿಲ್ಲ, ಹಾಗೇ ಕೂರುತ್ತೆ. ಯಾವ ಸರಕಿಗಾದರೂ ಹೊಂದುವ ಮಾತು ನಿಮ್ಮ ಸರಕಿನ ಬಗ್ಗೆ ಏನನ್ನೂ ಹೇಳಿಲ್ಲ ಅಂತಲೇ ಅರ್ಥ. ಪಕ್ಕದೂರಿನವನೂ ಅದೇ ಆ್ಯಪ್‌ಗೆ ಅದೇ ಸಾಲು ಹಾಕಿರ್ತಾನೆ, ಅವನಿಗೂ ಇಂಥದ್ದೇ ಬಂದಿರುತ್ತೆ. ಓದುವ ಗಿರಾಕಿಗೆ ಇಬ್ಬರೂ ಒಂದೇ. ಇಬ್ಬರೂ ಒಂದೇ ಅಂದ ಮೇಲೆ ಅವರು ನೋಡುವುದು ಬೆಲೆ ಒಂದನ್ನೇ. ಬೆಲೆ ಇಳಿಸುವ ಪೈಪೋಟಿಯಲ್ಲಿ ಸಣ್ಣ ರೈತ ಗೆಲ್ಲೋದಿಲ್ಲ.

ಆಲೆಮನೆ ಮುಂದೆ ನಿಂತ ಗಿರಾಕಿಗೆ ನೀವು ಏನು ಹೇಳ್ತೀರಿ ಅಂತ ಯೋಚನೆ ಮಾಡಿ. "ಇದು ಸಿಒ 86032 ಕಬ್ಬು. ಕಬ್ಬಿನ ಹಾಲು ಕುದಿಯುವಾಗ ಮಡ್ಡಿ ತೆಗೆಯೋಕೆ ಬೆಂಡೆ ಗಿಡದ ಲೋಳೆ ಹಾಕ್ತೀವಿ. ಬಣ್ಣ ತಿಳಿ ಮಾಡೋಕೆ ಹೈಡ್ರೋಸ್ ಹಾಕಲ್ಲ, ಅದಕ್ಕೇ ಕಂದು ಬಣ್ಣ. ಒಂದು ಟನ್ ಕಬ್ಬಿಗೆ ಬರೋದು ಹೆಚ್ಚುಕಡಿಮೆ ಒಂದು ಕ್ವಿಂಟಲ್ ಬೆಲ್ಲ, ಅದಕ್ಕೇ ಈ ರೇಟು." ಇದರಲ್ಲಿ ಅಲಂಕಾರ ಇಲ್ಲ. ಆದರೆ 'ಬೆಲ್ಲ' ತೆಗೆದು 'ತುಪ್ಪ' ಹಾಕೋಕೆ ಆಗಲ್ಲ. ಗಿರಾಕಿ ದುಡ್ಡು ಕೊಡೋದು ಈ ಮಾತಿಗೆ.

ದೊಡ್ಡ ಅಪಾಯ ಇರುವುದು ಇಲ್ಲಿ

ಸಪ್ಪೆ ಪೋಸ್ಟಿನಿಂದ ಮಾರಾಟ ಕಡಿಮೆ ಆಗಬಹುದು, ಅಷ್ಟೇ. ನೀವು ಹೇಳದೇ ಇರುವುದನ್ನು ಅದು ತಾನಾಗಿ ಸೇರಿಸಿದರೆ ಮಾತ್ರ ಕಷ್ಟ. ಆಹಾರ ಪದಾರ್ಥದ ಜಾಹೀರಾತು ಅಂದ ಕೂಡಲೇ ಈ ಟೂಲ್‌ಗಳು ಆರೋಗ್ಯದ ಕಡೆ ವಾಲುತ್ತವೆ. "ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ", "ರಕ್ತಹೀನತೆ ನಿವಾರಿಸುತ್ತದೆ", "ಮಧುಮೇಹಿಗಳಿಗೂ ಸೂಕ್ತ" ಅಂತೆಲ್ಲ ಬಂದುಬಿಡುತ್ತೆ.

ಕೊನೆಯದನ್ನು ಇನ್ನೊಮ್ಮೆ ಓದಿ. ಬೆಲ್ಲದಲ್ಲಿ ಬಹುಪಾಲು ಇರುವುದು ಸಕ್ಕರೆ ಅಂಶವೇ. ಶುಗರ್ ಇರುವವರು ಬೆಲ್ಲ ತಿಂದರೆ ರಕ್ತದಲ್ಲಿ ಸಕ್ಕರೆ ಏರುತ್ತೆ. ನಿಮ್ಮ ಪೋಸ್ಟ್ ನಂಬಿ ಯಾರದೋ ಮನೆಯ ಅಜ್ಜ ದಿನಾ ಎರಡು ತುಂಡು ತಿಂದರೆ ಅದರ ಹೊಣೆ ಆ್ಯಪ್ ಹೊರೋದಿಲ್ಲ, ಹೆಸರು ಹಾಕಿಕೊಂಡ ನೀವು ಹೊರಬೇಕು.

ಕಾನೂನೂ ಹಾಗೇ ಹೇಳುತ್ತೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಕಲಂ 53ರ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಆಹಾರವು ರೋಗ ವಾಸಿ ಮಾಡುತ್ತದೆ, ತಡೆಯುತ್ತದೆ ಅಂತ ಹೇಳಿಕೊಳ್ಳುವುದಕ್ಕೆ 2018ರ ಎಫ್‌ಎಸ್‌ಎಸ್‌ಎಐ ನಿಯಮಗಳಲ್ಲಿ ತಡೆ ಇದೆ. "ನಾನು ಬರೆದಿದ್ದಲ್ಲ ಸಾರ್, ಎಐ ಬರೆದಿದ್ದು" ಅನ್ನೋ ಸಬೂಬು ಅಲ್ಲಿ ನಡೆಯಲ್ಲ.

ಇನ್ನೆರಡು ಪದಗಳ ಮೇಲೆ ಕಣ್ಣಿಡಿ. ಒಂದು 'ಸಾವಯವ'. ಅಂಗಡಿಗೆ ಕೊಡುವ ಪ್ಯಾಕೆಟ್ ಮೇಲೆ ಈ ಪದ ಹಾಕಬೇಕಾದರೆ ಎನ್‌ಪಿಒಪಿ ಅಥವಾ ಪಿಜಿಎಸ್-ಇಂಡಿಯಾ ಪ್ರಮಾಣಪತ್ರ ಬೇಕು. ಇನ್ನೊಂದು '100% ರಾಸಾಯನಿಕ ಮುಕ್ತ'. ಕಬ್ಬಿಗೆ ಯೂರಿಯಾ ಕೊಟ್ಟಿದ್ದೀರಾ? ಹಾಗಾದರೆ ಆ ಸಾಲು ಸುಳ್ಳು. ಅದರ ಬದಲು ನಿಜವನ್ನೇ ಬರೆಯಿರಿ: "ಗದ್ದೆಗೆ ಕೊಟ್ಟಿಗೆ ಗೊಬ್ಬರದ ಜೊತೆ ಸ್ವಲ್ಪ ಯೂರಿಯಾ ಕೊಟ್ಟಿದ್ದೇವೆ. ಬೆಲ್ಲ ಕಾಯಿಸುವಾಗ ಹೈಡ್ರೋಸ್ ಹಾಕಿಲ್ಲ." ಇಷ್ಟು ನೇರವಾಗಿ ಹೇಳುವವರು ಕಡಿಮೆ. ಹಾಗೆ ಹೇಳಿದವನ ಉಳಿದ ಮಾತನ್ನೂ ಜನ ನಂಬ್ತಾರೆ.

ಹಾಗಾದರೆ ಬಳಸೋದು ಹೇಗೆ?

ನಾನು ಮಾಡುವ ರೀತಿ ಹೇಳ್ತೀನಿ.

1. ಮೊದಲು ಬಾಯಲ್ಲಿ ಹೇಳಿ. ಕೀಬೋರ್ಡಿನ ಮೈಕ್ ಒತ್ತಿ, ಎದುರಿಗೆ ಗಿರಾಕಿ ನಿಂತಿದ್ದಾರೆ ಅಂದುಕೊಂಡು ಎರಡು ನಿಮಿಷ ಮಾತಾಡಿ. ಯಾವ ತಳಿ, ಯಾವತ್ತು ಕಾಯಿಸಿದ್ದು, ಏನು ಹಾಕಿದ್ದೀರಿ, ಏನು ಹಾಕಿಲ್ಲ, ಎಷ್ಟು ಕೆಜಿ ಇದೆ, ರೇಟು ಎಷ್ಟು. ನಿಮ್ಮೂರ ಕನ್ನಡದಲ್ಲೇ ಹೇಳಿ, ಪುಸ್ತಕದ ಭಾಷೆ ಬೇಡ.

2. ಅದನ್ನು ಟೂಲ್‌ಗೆ ಕೊಟ್ಟು ಹೀಗೆ ಬರೆಯಿರಿ: "ಇದನ್ನು 60 ಪದದೊಳಗೆ ಚೊಕ್ಕ ಮಾಡು. ನಾನು ಹೇಳದೇ ಇರುವ ಯಾವ ವಿಷಯವನ್ನೂ ಸೇರಿಸಬೇಡ. ಆರೋಗ್ಯದ ಮಾತು ಬೇಡ. ಆಡುಮಾತಿನ ಕನ್ನಡ ಹಾಗೇ ಇರಲಿ." ಈ ನಾಲ್ಕು ಸಾಲನ್ನು ಫೋನಿನಲ್ಲಿ ಉಳಿಸಿಟ್ಟುಕೊಳ್ಳಿ, ಪ್ರತಿ ಸಲವೂ ಬೇಕಾಗುತ್ತೆ.

3. ಬಂದಿದ್ದನ್ನು ಜೋರಾಗಿ ಓದಿ, ಆಗುವುದಾದರೆ ಮನೆಯವರ ಮುಂದೆ. "ಉತ್ಕೃಷ್ಟ ಗುಣಮಟ್ಟದ" ಅಂತ ಓದುವಾಗ ನಿಮ್ಮಮ್ಮ ನಕ್ಕರೆ ಅದನ್ನು ತೆಗೆಯಿರಿ. ತೂಕ, ರೇಟು, ಫೋನ್ ನಂಬರು ಒಂದೊಂದಾಗಿ ಸರಿ ನೋಡಿ.

4. ಪದಗಳನ್ನು ನೀವೇ ತಿದ್ದಿ. ಜೋನಿ ಬೆಲ್ಲ ಅಂತ ಇರಬೇಕಾದ ಕಡೆ 'ಕಾಕಂಬಿ' ಅಂತ ಬಂದರೆ ಗಿರಾಕಿ ಓಡಿಹೋಗ್ತಾರೆ. ಕಾಕಂಬಿ ಅಂದರೆ ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಸರಕು, ಅದೇ ಬೇರೆ.

ಈ ಟೂಲ್‌ಗಳಿಂದ ನನಗೆ ನಿಜವಾಗಿ ಉಪಯೋಗ ಆಗಿರುವುದು ಅನುವಾದದಲ್ಲಿ. ಬೆಂಗಳೂರಿನ ಅಪಾರ್ಟ್‌ಮೆಂಟ್ ಗ್ರೂಪುಗಳಲ್ಲಿ ಕನ್ನಡ ಓದಲು ಬಾರದವರು ತುಂಬಾ ಜನ ಇರ್ತಾರೆ. ನಮ್ಮ ಕನ್ನಡ ಪೋಸ್ಟನ್ನೇ ಇಂಗ್ಲಿಷ್, ಹಿಂದಿ, ತಮಿಳಿಗೆ ಮಾಡಿಸಿಕೊಂಡರೆ ಆಯಿತು, ಯಾರನ್ನೂ ಕಾಯಬೇಕಾಗಿಲ್ಲ. ಆ ಭಾಷೆ ಬರುವ ಒಬ್ಬರಿಗೆ ಒಮ್ಮೆ ತೋರಿಸಿ ಕಳಿಸಿ. ರೇಟ್ ಪಟ್ಟಿ ಜೋಡಿಸೋಕೆ, ಉದ್ದದ ಮಾತು ಚಿಕ್ಕದು ಮಾಡೋಕೆ, ಕಾಗುಣಿತ ತಿದ್ದೋಕೆ ಕೂಡ ಒಳ್ಳೆಯದು. ಹೆಚ್ಚು ಓದದ ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳಿಗೆ ಇದು ದೊಡ್ಡ ಅನುಕೂಲ. ಬಾಯಲ್ಲಿ ಹೇಳಿದ್ದು ನೆಟ್ಟಗೆ ಅಕ್ಷರವಾಗಿ ಬರುತ್ತೆ ಅನ್ನೋದು ಸಣ್ಣ ಸಂಗತಿ ಅಲ್ಲ.

ಮೂರು ಕೆಲಸಕ್ಕೆ ಮಾತ್ರ ನಾನು ಬಳಸಲ್ಲ. ಫೋಟೊ ನಮ್ಮ ಕೊಪ್ಪರಿಗೆ, ನಮ್ಮ ಅಚ್ಚಿನದ್ದೇ ಇರಬೇಕು, ಮಾಡಿಸಿದ ಚಿತ್ರ ಬೇಡ. ಗಿರಾಕಿಗಳ ಹೆಸರು, ವಿಳಾಸ, ನಂಬರಿನ ಪಟ್ಟಿಯನ್ನು ಟೂಲ್‌ಗೆ ಹಾಕಲ್ಲ, ಅವರು ಅದನ್ನು ಕೊಟ್ಟಿರುವುದು ನನಗೆ. ದೂರಿಗೆ ಉತ್ತರವನ್ನೂ ಬರೆಸಲ್ಲ. "ಬೆಲ್ಲ ಒದ್ದೆ ಆಗಿದೆ" ಅಂತ ಒಬ್ಬರು ಬರೆದರೆ "ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು" ಅನ್ನೋದು ಅವರ ಸಿಟ್ಟಿಗೆ ಸೀಮೆಎಣ್ಣೆ ಸುರಿದಂತೆ. "ಅಕ್ಕ, ಒಂದು ಫೋಟೊ ಕಳಿಸಿ. ಮಳೆಗಾಲದಲ್ಲಿ ಬೆಲ್ಲ ಗಾಳಿಯ ತೇವ ಎಳೆದುಕೊಳ್ಳುತ್ತೆ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡಿ. ಕೆಟ್ಟಿದ್ದರೆ ಬದಲು ಕೊಡ್ತೀನಿ." ಇಷ್ಟು ಬರೆಯೋಕೆ ಯಾವ ಯಂತ್ರ ಬೇಕು?

"ನೇರವಾಗಿ ಹೇಳಿದರೆ ಮಾರಾಟ ಆಗುತ್ತಾ?"

ಇದು ನ್ಯಾಯವಾದ ಪ್ರಶ್ನೆ. ಎಲ್ಲರೂ ಅಮೃತ, ಸಂಜೀವಿನಿ ಅಂತ ಕೂಗುವಾಗ ನೀವೊಬ್ಬರು "ಕಂದು ಬಣ್ಣ ಇದೆ, ಮಳೆಗಾಲದಲ್ಲಿ ಸ್ವಲ್ಪ ಬೆವರುತ್ತೆ" ಅಂದರೆ ಮೊದಲ ವಾರ ಆರ್ಡರ್ ಕಡಿಮೆ ಬರಬಹುದು. ನಾನು ಇಲ್ಲ ಅನ್ನಲ್ಲ. ಊರಿನ ಸಂತೆಗೆ ಒಮ್ಮೆ ಬಂದು ಹೋಗುವ ವ್ಯಾಪಾರಿಗೆ ಆ ಕೂಗು ಸಾಕಾಗಬಹುದು. ನೇರ ಮಾರಾಟ ಮಾಡುವವನ ಬದುಕು ನಿಂತಿರುವುದು ಎರಡನೇ ಆರ್ಡರ್ ಮೇಲೆ. ಮೊದಲನೇ ಕೆಜಿ ಮಾತಿನಿಂದ ಹೋಗುತ್ತೆ. ಎರಡನೇ ಕೆಜಿ ಹೋಗಬೇಕಾದರೆ ಆ ಮಾತಿಗೂ ಡಬ್ಬಿಯೊಳಗಿನ ಬೆಲ್ಲಕ್ಕೂ ತಾಳೆ ಆಗಬೇಕು. ಬಣ್ಣದ ವಿಷಯ ಮೊದಲೇ ತಿಳಿದವರು ಕಂದು ಬೆಲ್ಲ ನೋಡಿ ಬೆಚ್ಚಲ್ಲ. ಬಂಗಾರದ ಬಣ್ಣ ಅಂತ ಓದಿ ತರಿಸಿಕೊಂಡವರು ಮತ್ತೆ ಫೋನ್ ಮಾಡಲ್ಲ.

ನಮ್ಮ ಹತ್ತಿರ ದೊಡ್ಡ ಕಂಪನಿಗಳಷ್ಟು ದುಡ್ಡಿಲ್ಲ, ಟಿವಿ ಜಾಹೀರಾತಿಲ್ಲ. "ಇವರು ಹೇಳಿದ ಹಾಗೆ ಕೊಡ್ತಾರೆ" ಅನ್ನೋ ಒಂದು ಹೆಸರು ಇದೆ. ಅದನ್ನು ಕಟ್ಟೋಕೆ ವರ್ಷಗಟ್ಟಲೆ ಬೇಕು, ಕೆಡಿಸೋಕೆ ಒಂದು ಫಾರ್ವರ್ಡ್ ಮೆಸೇಜ್ ಸಾಕು. ಐದು ಸೆಕೆಂಡಿನಲ್ಲಿ ಬರೆದುಕೊಡುವ ಯಂತ್ರದ ಕೈಗೆ ಅದನ್ನು ಕೊಟ್ಟು ಸುಮ್ಮನೆ ಕೂರಬೇಡಿ.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಹಳೆಯ ಪೋಸ್ಟುಗಳಲ್ಲಿ ಮೂರನ್ನು ತೆಗೆದು ಹೆಸರು ಬದಲಿಸುವ ಪರೀಕ್ಷೆಗೆ ಹಾಕಿ. ಬೇರೆ ಸರಕಿಗೂ ಹೊಂದುವ ಸಾಲುಗಳನ್ನೆಲ್ಲ ಅಳಿಸಿ. ರೋಗದ ಮಾತಿದ್ದರೆ ಪೋಸ್ಟನ್ನೇ ತೆಗೆದುಬಿಡಿ. ಉಳಿದದ್ದು ಎರಡೇ ಸಾಲಾದರೂ ಚಿಂತೆ ಇಲ್ಲ, ಆ ಎರಡು ಸಾಲು ನಿಮ್ಮವು. ಅಲ್ಲಿಂದ ಮುಂದಕ್ಕೆ ಬೆಳೆಸಿ.