ಗಾಡಿಯ ಆಯಿಲ್ ಮತ್ತು ಗ್ಯಾರೇಜಿನವನ ಮಜೂರಿ



ನಮ್ಮ ಪತ್ರಿಕೆಯಲ್ಲಿ ಗ್ಯಾಸ್ ದರ, ಲೈಸೆನ್ಸ್, ಕೆಲಸದವರ ಅಭಾವ ಇವುಗಳ ಬಗ್ಗೆ ಲೇಖನಗಳು ಬರುತ್ತಲೇ ಇರುತ್ತವೆ. ಆದರೆ ಕೇಟರಿಂಗಿಗೆ ಓಡುವ ಗಾಡಿಯ ಬಗ್ಗೆ ಯಾರೂ ಬರೆದದ್ದನ್ನು ನಾನು ಓದಿಲ್ಲ. ಮಾಟುಂಗದಿಂದ ಠಾಣೆಯ ಹಾಲಿಗೆ 300 ಜನರ ಊಟ ಹೊತ್ತ ಟೆಂಪೋ ಘೋಡ್‌ಬಂದರ್ ರಸ್ತೆಯಲ್ಲಿ ಎಂಜಿನ್ ಜಾಮ್ ಆಗಿ ನಿಂತರೆ ಸಾಂಬಾರು ಎಷ್ಟು ರುಚಿಯಾಗಿದ್ದು ಏನು ಪ್ರಯೋಜನ? ಮದುವೆಯವರು ಗ್ಯಾರೇಜಿನವನನ್ನು ಬೈಯುವುದಿಲ್ಲ, ನಮ್ಮನ್ನೇ ಬೈಯುತ್ತಾರೆ.

ಕಡಾಯಿ ಎಣ್ಣೆಯ ವಿಷಯದಲ್ಲಿ ನಾವು ಎಷ್ಟು ಹುಷಾರು! 2018ರ ಜುಲೈಯಿಂದ ಶೇಕಡಾ 25ರ ಟಿಪಿಸಿ ಮಿತಿ ಬಂದ ಮೇಲಂತೂ ಕೆಲವರು ಮೀಟರ್ ಇಟ್ಟು ನೋಡುತ್ತಾರೆ. ಅದೇ ಮಾಲೀಕರು ಎಂಜಿನ್ ಆಯಿಲ್ ಬದಲಿಸುವಾಗ ಡ್ರೈವರ್ ಕೈಗೆ ಹಣ ಕೊಟ್ಟು ಗಲ್ಲಾದಲ್ಲಿ ಕೂತಿರುತ್ತಾರೆ. ಯಾವ ಆಯಿಲ್ ಹಾಕಿದರು, ಎಷ್ಟು ಲೀಟರ್ ಹಾಕಿದರು ಎಂದು ಕೇಳಿ ನೋಡಿ, ಉತ್ತರ ಬರುವುದಿಲ್ಲ.

ಮೊದಲಿಗೆ, ಯಾವಾಗ ಬದಲಿಸಬೇಕು? ಈಗಿನ ಹೆಚ್ಚಿನ ಪೆಟ್ರೋಲ್ ಗಾಡಿಗಳಿಗೆ ಕಂಪನಿಯವರು 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎನ್ನುತ್ತಾರೆ. ನಮ್ಮವರು ಕಿಲೋಮೀಟರ್ ಮಾತ್ರ ನೋಡುತ್ತಾರೆ. ನಮ್ಮ ಗಾಡಿಗಳ ಓಟ ಹೇಗಿದೆ ಯೋಚಿಸಿ. ಬೆಳಿಗ್ಗೆ ವಾಶಿ ಮಾರ್ಕೆಟ್, ಆಮೇಲೆ ಅಡುಗೆಮನೆಯಿಂದ ಹಾಲ್, ನಡುವೆ ಸಾಯನ್ ಸಿಗ್ನಲಿನಲ್ಲಿ ಅರ್ಧ ಗಂಟೆ. ಮೀಟರ್ ಓಡದಿದ್ದರೂ ಎಂಜಿನ್ ಓಡುತ್ತಲೇ ಇರುತ್ತದೆ. ಇಂಥ ಓಟಕ್ಕೆ ಬೇಗ ಬದಲಿಸಬೇಕೆಂದು ಗಾಡಿಯ ಪುಸ್ತಕದಲ್ಲೇ ಬರೆದಿರುತ್ತದೆ. ಅದನ್ನು ಓದಲು ದೊಡ್ಡ ವಿದ್ಯೆ ಬೇಡ. ರಾತ್ರಿ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದ ನನಗೇ ಅರ್ಥವಾಗುತ್ತದೆ.

ಇನ್ನು ಬಣ್ಣದ ವಿಷಯ. ಡಿಪ್‌ಸ್ಟಿಕ್ ಎಳೆದು, ಬೆರಳಿಗೆ ಹಚ್ಚಿ, "ನೋಡಿ ಸೇಟ್, ಪೂರಾ ಕಪ್ಪು" ಎನ್ನುವುದು ಹಳೆಯ ಆಟ. ಡೀಸೆಲ್ ಗಾಡಿಯ ಆಯಿಲ್ ಹಾಕಿದ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಎಂಜಿನ್ನಿನ ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ಅದೇ ಸಿಎನ್‌ಜಿ ಗಾಡಿಯಲ್ಲಿ ಮಸಿ ಕಡಿಮೆ. ಆಯಿಲ್ ಚೆನ್ನಾಗಿ ಕಂಡರೂ ಶಾಖಕ್ಕೆ ಒಳಗಿಂದೊಳಗೆ ಕೆಟ್ಟಿರಬಹುದು. ಬಣ್ಣ ನೋಡಿ ತೀರ್ಮಾನ ಬೇಡ, ತಾರೀಕು ಮತ್ತು ಕಿಲೋಮೀಟರ್ ಬರೆದಿಟ್ಟ ಪುಸ್ತಕ ನೋಡಿ.

ದಪ್ಪ ಆಯಿಲ್ ಹಾಕಿದರೆ ಎಂಜಿನ್ನಿಗೆ ಒಳ್ಳೆಯದು ಎಂಬ ಮಾತು ಇನ್ನೂ ನಡೆಯುತ್ತಿದೆ. ಹಳೆಯ ಎಂಜಿನ್ನಿಗೆ ಅದು ಸರಿಯಿದ್ದೀತು. ಹೊಸ ಗಾಡಿಯ ಪುಸ್ತಕದಲ್ಲಿ 5ಡಬ್ಲ್ಯೂ-30 ಎಂದಿದ್ದರೆ ಬ್ಯಾರಲಿನಿಂದ 20ಡಬ್ಲ್ಯೂ-50 ತೆಗೆದು ಸುರಿಯುವುದು ತಪ್ಪು. 2020ರ ನಂತರದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ತಡೆಯುವ ಫಿಲ್ಟರ್ ಇದ್ದರೆ ಅದಕ್ಕೆಂದೇ ಬೇರೆ ಆಯಿಲ್ ಬೇಕು. ತಪ್ಪು ಆಯಿಲಿನಿಂದ ಆ ಫಿಲ್ಟರ್ ಕಟ್ಟಿಕೊಂಡರೆ ಖರ್ಚು ದೊಡ್ಡದು.

ನಾನು ಒಂದು ಪರೀಕ್ಷೆ ಮಾಡುತ್ತೇನೆ. ಗಾಡಿ ಕಳಿಸುವ ಮೊದಲು ಹಳೆಯ ಆಯಿಲ್ ಫಿಲ್ಟರಿನ ಮೇಲೆ ಮನೆಯವಳ ನೈಲ್ ಪಾಲಿಶ್‌ನಿಂದ ಒಂದು ಚುಕ್ಕಿ ಇಡುತ್ತೇನೆ. ಒಮ್ಮೆ ಒಂದು ಗ್ಯಾರೇಜಿನಿಂದ ಬಂದ ಬಿಲ್ಲಿನಲ್ಲಿ ಹೊಸ ಫಿಲ್ಟರಿನ ಹಣ ಇತ್ತು. ಗಾಡಿಯ ಕೆಳಗೆ ಬಗ್ಗಿ ನೋಡಿದರೆ ಕೆಂಪು ಚುಕ್ಕಿ ಹಾಗೇ ಇದೆ! ಕೇಳಿದಾಗ, "ಹುಡುಗ ಮರೆತಿದ್ದಾನೆ ಸೇಟ್" ಎಂದ. ಅದೇ ಬಿಲ್ಲಿನಲ್ಲಿ 5 ಲೀಟರ್ ಆಯಿಲ್ ಬರೆದಿತ್ತು. ಆ ಸಣ್ಣ ಪೆಟ್ರೋಲ್ ವ್ಯಾನಿಗೆ ಹಿಡಿಯುವುದು 3ರಿಂದ 3.5 ಲೀಟರ್. ಉಳಿದದ್ದು ಯಾರ ಗಾಡಿಗೆ ಹೋಯಿತೋ ದೇವರಿಗೇ ಗೊತ್ತು.

ಹಾಗೆಂದು ಗ್ಯಾರೇಜಿನವರೆಲ್ಲ ಕಳ್ಳರು ಎನ್ನಲು ನಾನು ತಯಾರಿಲ್ಲ. ಇಲ್ಲಿ ನಮ್ಮದೂ ಪಾಲಿದೆ. ಪ್ಲೇಟಿಗೆ 30 ರೂಪಾಯಿ ಇಳಿಸಿ ಎಂದು ಹಟ ಹಿಡಿಯುವ ಪಾರ್ಟಿಗೆ ನಮ್ಮಲ್ಲಿ ಕೆಲವರು ಏನು ಮಾಡುತ್ತಾರೆ? "ಆಗಲಿ" ಎನ್ನುತ್ತಾರೆ, ಹೋಳಿಗೆಯ ತುಪ್ಪ ಇಳಿಸುತ್ತಾರೆ. ಪಾರ್ಟಿಗೆ ಗೊತ್ತಾಗುವುದಿಲ್ಲ. ಗ್ಯಾರೇಜಿನವನಿಗೂ ಬಾಡಿಗೆ ಇದೆ, ಹುಡುಗರ ಸಂಬಳ ಇದೆ. ಮಜೂರಿಯಲ್ಲಿ ನಾವು ಚೌಕಾಶಿ ಮಾಡಿ ನೂರು ಇನ್ನೂರು ಕತ್ತರಿಸಿದರೆ, ಅವನು ಅದನ್ನು ಆಯಿಲಿನಲ್ಲಿ, ಫಿಲ್ಟರಿನಲ್ಲಿ, ಬೇಡದ ಎಂಜಿನ್ ಫ್ಲಶ್‌ನಲ್ಲಿ ತೆಗೆದುಕೊಳ್ಳುತ್ತಾನೆ. ನಮ್ಮ ಡ್ರೈವರಿಗೆ ಕಮಿಷನ್ ಕೊಡುವುದೂ ಅದರಿಂದಲೇ. ಆಮೇಲೆ ನಾವು ಡ್ರೈವರನ್ನು ಬೈಯುತ್ತೇವೆ.

ನನ್ನ ಅಭಿಪ್ರಾಯ ಇಷ್ಟೇ: ಮಜೂರಿಯಲ್ಲಿ ಚೌಕಾಶಿ ಬಿಡಿ, ಮಾಲಿನಲ್ಲಿ ಕಣ್ಣಿಡಿ. ಸೀಲ್ ಇರುವ ಡಬ್ಬ ಮತ್ತು ಫಿಲ್ಟರ್ ನೀವೇ ನಂಬಿಕೆಯ ಅಂಗಡಿಯಿಂದ ತನ್ನಿ, ಅವನ ಕೆಲಸಕ್ಕೆ ಅವನು ಕೇಳಿದಷ್ಟು ಮಜೂರಿ ಕೊಡಿ. ಇದಕ್ಕೆ ಸಂತೋಷದಿಂದ ಒಪ್ಪುವವನು ನಂಬಬಹುದಾದ ಮನುಷ್ಯ. ಮುಖ ಗಂಟಿಕ್ಕುವವನ ಲಾಭ ಎಲ್ಲಿತ್ತು ಎಂದು ನಿಮಗೇ ತಿಳಿಯುತ್ತದೆ. ಕೆಲಸ ಎದುರಿಗೇ ಆಗಲಿ, ಅರ್ಧ ಗಂಟೆ ಸಾಕು. ಹೊಸ ಆಯಿಲ್ ಹಾಕಿ ಎಂಜಿನ್ ಸ್ವಲ್ಪ ಓಡಿಸಿ, ನಿಲ್ಲಿಸಿ, ಆಯಿಲ್ ಇಳಿದ ಮೇಲೆ ಡಿಪ್‌ಸ್ಟಿಕ್ ನೋಡಿ. ಚೇಂಬರಿನ ಬೋಲ್ಟ್ ಬಳಿ ಸೋರುತ್ತಿದೆಯೇ ನೋಡಿ. ಖಾಲಿ ಡಬ್ಬ ತೂತು ಮಾಡಿ ಬಿಡಿ, ನಕಲಿ ಆಯಿಲ್ ತುಂಬುವವರಿಗೆ ಅದು ಸಿಗಬಾರದು. ಹಳೆಯ ಆಯಿಲನ್ನು ಗಟಾರಕ್ಕೆ ಬಿಡುವ ಗ್ಯಾರೇಜಿಗೆ ನಾನಂತೂ ಹೋಗುವುದಿಲ್ಲ. ಕಾನೂನಿನಲ್ಲಿ ಅದು ಅಪಾಯಕಾರಿ ತ್ಯಾಜ್ಯ.

ವಾರಂಟಿ ಇರುವ ತನಕ ಕಂಪನಿಯ ಸರ್ವಿಸ್ ಸ್ಟೇಷನ್ನೇ ಸರಿ, ಬಿಲ್ ಜೋಪಾನ ಮಾಡಿ. ಆದರೆ ಕಂಪನಿಯ ಬೋರ್ಡ್ ಇದ್ದಲ್ಲಿ ಎಲ್ಲವೂ ನ್ಯಾಯ ಎಂದು ತಿಳಿಯಬೇಡಿ. 2014ರ ಆಗಸ್ಟ್‌ನಲ್ಲಿ ಕಾಂಪಿಟಿಷನ್ ಕಮಿಷನ್ 14 ಕಾರು ಕಂಪನಿಗಳಿಗೆ ದಂಡ ಹಾಕಿತು. ಬಿಡಿಭಾಗಗಳು ಹೊರಗಿನ ಗ್ಯಾರೇಜಿನವರಿಗೆ ಮುಕ್ತವಾಗಿ ಸಿಗದಂತೆ ಮಾಡಿದ್ದಾರೆ ಎಂಬುದು ಅವರ ಮೇಲಿದ್ದ ಆರೋಪ.

ಕೊನೆಗೆ ಸಂಘಕ್ಕೆ ಒಂದು ಸೂಚನೆ. ತರಕಾರಿ, ಬೇಳೆ ವ್ಯಾಪಾರಿಗಳ ಬಗ್ಗೆ ನಾವು ಒಬ್ಬರಿಗೊಬ್ಬರು ಫೋನ್ ಮಾಡಿ ವಿಚಾರಿಸುತ್ತೇವೆ. ಗ್ಯಾರೇಜಿಗೂ ಹಾಗೇ ಆಗಲಿ. ಮೂರು ವರ್ಷಕ್ಕಿಂತ ಹೆಚ್ಚು ಒಂದೇ ಕಡೆ ಗಾಡಿ ಬಿಟ್ಟು ತೃಪ್ತರಾದ ಸದಸ್ಯರು ಆ ಗ್ಯಾರೇಜಿನ ಹೆಸರು, ಏರಿಯಾ, ಆಯಿಲ್ ಬದಲಿಸುವ ಮಜೂರಿ ಬರೆದು ಕಚೇರಿಗೆ ಕೊಡಲಿ. ಡೊಂಬಿವಲಿಯವರಿಗೆ ಡೊಂಬಿವಲಿಯದು, ಅಂಧೇರಿಯವರಿಗೆ ಅಂಧೇರಿಯದು. ಮುಂದಿನ ಸಭೆಗೆ ಬರುವಾಗ ನಿಮ್ಮ ಗಾಡಿಯ ಕೊನೆಯ ಸರ್ವಿಸ್ ಬಿಲ್ ಕಿಸೆಯಲ್ಲಿಟ್ಟುಕೊಂಡು ಬನ್ನಿ, ನಾನೂ ತರುತ್ತೇನೆ.